ಮೇಲೆ ಮಾಯ್ದು ಒಳಗೆ ಉಳಿಯುವ ಹುಣ್ಣು: ಬೆನ್ನುಹುರಿಗೆ ಪೆಟ್ಟಾದವರ ಒತ್ತಡದ ಗಾಯಕ್ಕೆ ಚಿಕಿತ್ಸೆ ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಮೂರು ವರ್ಷಗಳ ಹಿಂದೆ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು, ಎದೆಭಾಗದ ಹತ್ತನೆಯ ಕಶೇರುವಿನ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನವೂ ಇಲ್ಲ, ಸ್ಪರ್ಶವೂ ತಿಳಿಯುವುದಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತೇ ಊರಿನಲ್ಲಿ ಸಣ್ಣ ಅಂಗಡಿ ನಡೆಸುತ್ತಾನೆ. ಎಂಟು ತಿಂಗಳಿಂದ ಎಡಗಡೆ ಕುಂಡೆಯ ಕೆಳಭಾಗದಲ್ಲಿ ಹುಣ್ಣಾಗಿದೆ. ದಿನವೂ ಡೆಟಾಲ್ ನೀರಿನಲ್ಲಿ ತೊಳೆದು, ಪೌಡರ್ ಉದುರಿಸಿ, ಹತ್ತಿ ಇಟ್ಟು ಕಟ್ಟುತ್ತೇವೆ. ಎರಡು ಸಲ ಪೂರ್ತಿ ಮಾಯ್ದಂತೆ ಕಂಡು ಮತ್ತೆ ಬಾಯಿ ಬಿಟ್ಟಿದೆ. ಈಗ ಕಡಲೆಕಾಳು ಹೋಗುವಷ್ಟೇ ತೂತು ಕಾಣುತ್ತದೆ, ಆದರೆ ಬಟ್ಟೆ ನೆನೆಯುವಷ್ಟು ಸೋರುತ್ತದೆ. ಒಬ್ಬ ವೈದ್ಯರು ಪ್ಲಾಸ್ಟಿಕ್ ಸರ್ಜರಿ ಆಗಬೇಕು ಎನ್ನುತ್ತಾರೆ, ಇನ್ನೊಬ್ಬರು ಪದೇಪದೇ ಆ್ಯಂಟಿಬಯೋಟಿಕ್ ಬರೆಯುತ್ತಾರೆ, ನೆಂಟರು ಗಿಡಮೂಲಿಕೆ ಎಣ್ಣೆ ತಂದುಕೊಟ್ಟಿದ್ದಾರೆ. ಯಾವುದು ಸರಿ? ಅವನು ಮತ್ತೆ ಅಂಗಡಿಯಲ್ಲಿ ಕೂರುವುದು ಯಾವಾಗ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡ ಸಂಗತಿಗಳು ಎರಡು. ಹುಣ್ಣು ಎಡಗಡೆಗೆ ಮಾತ್ರ ಆಗಿದೆ ಎಂಬುದು ಒಂದು. ಎರಡು ಸಲ ಮುಚ್ಚಿಕೊಂಡು ಮತ್ತೆ ತೆರೆದಿದೆ ಎಂಬುದು ಇನ್ನೊಂದು. ಸರ್ಜರಿಯೋ, ಮಾತ್ರೆಯೋ, ಎಣ್ಣೆಯೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮೊದಲು ಇವೆರಡಕ್ಕೂ ಕಾರಣ ತಿಳಿಯಬೇಕು. ಅದನ್ನು ತಿಳಿಯದೆ ಮಾಡಿದ ಶಸ್ತ್ರಚಿಕಿತ್ಸೆ ಎಷ್ಟೇ ಅಚ್ಚುಕಟ್ಟಾಗಿದ್ದರೂ, ತಮ್ಮ ಅದೇ ಕುರ್ಚಿಯಲ್ಲಿ ಅದೇ ರೀತಿ ಕೂರತೊಡಗಿದ ಮೇಲೆ ಹೊಲಿಗೆ ಹಾಕಿದ ಜಾಗವೇ ಒಡೆಯುವ ಸಂಭವ ಹೆಚ್ಚು.

ಕುಳಿತಾಗ ದೇಹದ ಮೇಲ್ಭಾಗದ ಭಾರದ ಬಹುಪಾಲು ಎರಡು ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ಕುಂಡೆಯ ಕೆಳಗೆ ಕೈಯಿಟ್ಟು ಕುಳಿತರೆ ಆ ಎರಡು ಗೆಣ್ಣುಗಳು ನಿಮ್ಮ ಅಂಗೈಗೇ ಸಿಗುತ್ತವೆ. ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವನ್ನು 1930ರಲ್ಲಿ ಲ್ಯಾಂಡಿಸ್ ಎಂಬ ವಿಜ್ಞಾನಿ ಉಗುರಿನ ಬುಡದಲ್ಲಿ ನೇರವಾಗಿ ಅಳೆದರು. ರಕ್ತ ಒಳಬರುವ ತುದಿಯಲ್ಲೇ ಅದು ಸರಾಸರಿ ಪಾದರಸದ 32 ಮಿಲಿಮೀಟರ್‌ನಷ್ಟಿತ್ತು. ಗಟ್ಟಿ ಹಲಗೆಯ ಮೇಲೆ ಕುಳಿತಾಗ ಕೂರುವ ಮೂಳೆಯ ಕೆಳಗಿನ ಒತ್ತಡ ಇದರ ಹಲವು ಪಟ್ಟಾಗಿ, ಆ ರಕ್ತನಾಳಗಳು ಅಮುಕಿಕೊಂಡು ರಕ್ತ ನಿಲ್ಲುತ್ತದೆ. ನಾವು ನೀವು ಅರಿವಿಲ್ಲದೆಯೇ ಆಗಾಗ ಮಗ್ಗುಲು ಬದಲಿಸುವುದರಿಂದ ರಕ್ತ ಮತ್ತೆ ಹರಿಯುತ್ತದೆ. ನಿಮ್ಮ ತಮ್ಮನಿಗೆ ಆ ಸೂಚನೆಯೇ ಬರುವುದಿಲ್ಲ. ಅದರ ಜೊತೆಗೆ ಮೂರು ವರ್ಷದಲ್ಲಿ ಕುಂಡೆಯ ಮಾಂಸ ಕರಗಿ ಮೂಳೆಗೂ ಚರ್ಮಕ್ಕೂ ನಡುವಿನ ಮೆತ್ತೆ ತೆಳುವಾಗಿರುತ್ತದೆ, ರಕ್ತನಾಳಗಳನ್ನು ಹಿಗ್ಗಿಸಿ ಕುಗ್ಗಿಸುವ ನರಗಳ ಹತೋಟಿಯೂ ತಪ್ಪಿರುತ್ತದೆ.

ಇಲ್ಲಿ ಗಮನಿಸಬೇಕಾದದ್ದು, ಒತ್ತಡ ಅತಿ ಹೆಚ್ಚು ಇರುವುದು ಚರ್ಮದಲ್ಲಲ್ಲ, ಮೂಳೆಯ ಪಕ್ಕದಲ್ಲಿ. ರಕ್ತವಿಲ್ಲದೆ ಬದುಕುವ ಶಕ್ತಿ ಚರ್ಮಕ್ಕಿಂತ ಮಾಂಸಕ್ಕೆ ಕಡಿಮೆ. ಆದ್ದರಿಂದ ಇಂತಹ ಹುಣ್ಣು ಎಷ್ಟೋ ಸಲ ಆಳದಲ್ಲಿ ಶುರುವಾಗಿ ಹೊರಕ್ಕೆ ಬರುತ್ತದೆ. ಮೇಲೆ ಕಡಲೆಕಾಳಿನಷ್ಟು ತೂತು, ಒಳಗೆ ನಿಂಬೆಹಣ್ಣು ಹಿಡಿಸುವಷ್ಟು ಗುಹೆ ಇರುವುದು ಕೂರುವ ಮೂಳೆಯ ಹುಣ್ಣುಗಳಲ್ಲಿ ಅಪರೂಪವಲ್ಲ. ಚರ್ಮದ ಬಾಯಿ ಬೇಗ ಕೂಡಿಕೊಳ್ಳುತ್ತದೆ, ಗುಹೆ ಹಾಗೇ ಉಳಿಯುತ್ತದೆ, ಅದರಲ್ಲಿ ದ್ರವ ತುಂಬಿ ಮತ್ತೆ ಒಡೆಯುತ್ತದೆ. ನೀವು ಎರಡು ಸಲ ಕಂಡದ್ದು ಬಹುಶಃ ಇದನ್ನೇ. ಹುಣ್ಣುಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸುವ ಪದ್ಧತಿಯಿದೆ: ಒತ್ತಿದರೂ ಮಾಸದ ಕೆಂಪು ಮೊದಲನೆಯದು, ಮೇಲ್ಚರ್ಮ ಕಿತ್ತದ್ದು ಎರಡನೆಯದು, ಕೊಬ್ಬಿನ ಪದರದವರೆಗೆ ಹೋದದ್ದು ಮೂರನೆಯದು, ಮಾಂಸ ಅಥವಾ ಮೂಳೆ ತಲುಪಿದ್ದು ನಾಲ್ಕನೆಯದು. ನಿಮ್ಮ ವಿವರಣೆ ಮೂರು ಅಥವಾ ನಾಲ್ಕನೆಯ ಹಂತವನ್ನು ಸೂಚಿಸುತ್ತದೆ. ಕೈಯಿಟ್ಟು ನೋಡದೆ ಅದಕ್ಕಿಂತ ಖಚಿತವಾಗಿ ಯಾರೂ ಹೇಳಲಾರರು, ಹೇಳಲೂಬಾರದು.

ಹಾಗಾಗಿ ಮೊದಲ ಕೆಲಸ ಅಳತೆ. ವೈದ್ಯರಾಗಲಿ ತರಬೇತಾದ ದಾದಿಯಾಗಲಿ ಶುದ್ಧೀಕರಿಸಿದ ಮೊಂಡುತುದಿಯ ಕಡ್ಡಿಯನ್ನು ಮೆಲ್ಲನೆ ಒಳಗೆ ಬಿಟ್ಟು ಆಳವೆಷ್ಟು, ಅಂಚಿನಡಿಯಲ್ಲಿ ಯಾವ ದಿಕ್ಕಿಗೆ ಎಷ್ಟು ಪೊಳ್ಳು ಹೋಗಿದೆ ಎಂದು ನೋಡಬೇಕು. ಪೊಳ್ಳಿನ ದಿಕ್ಕನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ತಲೆಯ ಕಡೆ ಹನ್ನೆರಡು ಗಂಟೆ ಎಂದಿಟ್ಟುಕೊಂಡು ಬರೆಯುವುದು ರೂಢಿ. ಮುಂದಿನ ವಾರ ಬೇರೊಬ್ಬರು ನೋಡಿದರೂ ಹೋಲಿಸಬಹುದು. ಕಡ್ಡಿಗೆ ಗರಗರ ಎನ್ನುವ ಗಟ್ಟಿಯಾದದ್ದೇನಾದರೂ ತಗುಲಿದರೆ ಅದು ಮೂಳೆ; ಆಗ ಮೂಳೆಗೆ ಸೋಂಕು ಹಿಡಿದಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಎಕ್ಸ್‌ರೇಯಲ್ಲಿ ಅದು ತಡವಾಗಿ ಕಾಣುತ್ತದೆ, ಎಂಆರ್‌ಐ ಹೆಚ್ಚು ಸೂಕ್ಷ್ಮ, ಆದರೆ ಖಚಿತ ಉತ್ತರ ಕೊಡುವುದು ಮೂಳೆಯ ಚೂರನ್ನು ತೆಗೆದು ಮಾಡುವ ಪರೀಕ್ಷೆ.

ಆ್ಯಂಟಿಬಯೋಟಿಕ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆ ತೆರೆದಿರುವ ಎಲ್ಲ ಹುಣ್ಣಿನ ಮೇಲ್ಮೈಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ. ಹತ್ತಿಕಡ್ಡಿಯಲ್ಲಿ ಮೇಲ್ಮೈ ಒರೆಸಿ ಕಲ್ಚರ್‌ಗೆ, ಎಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿದರೆ ಏನಾದರೊಂದು ಬೆಳೆದೇ ಬೆಳೆಯುತ್ತದೆ. ಆ ವರದಿಯನ್ನು ನೋಡಿ ಮಾತ್ರೆ ಬರೆದರೆ ಹುಣ್ಣು ಮಾಯುವುದಿಲ್ಲ, ಮುಂದೆ ನಿಜವಾಗಿ ಬೇಕಾದಾಗ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಸಾಕಿದಂತಾಗುತ್ತದೆ. ಸುತ್ತಲಿನ ಚರ್ಮಕ್ಕೆ ಕೆಂಪು ಮತ್ತು ಬಿಸಿ ಹರಡುತ್ತಿದ್ದರೆ, ಜ್ವರ ಚಳಿ ಬಂದರೆ, ರಕ್ತಕ್ಕೆ ಸೋಂಕು ಏರಿದ ಲಕ್ಷಣಗಳಿದ್ದರೆ ಅಥವಾ ಮೂಳೆಯ ಸೋಂಕು ದೃಢಪಟ್ಟರೆ ಮಾತ್ರ ಅವು ಬೇಕು. ಮೂಳೆಯ ಸೋಂಕಿಗೂ ಸತ್ತ ಮೂಳೆಯನ್ನು ಕೆರೆದು ತೆಗೆಯದೆ ಬರೀ ಔಷಧಿಯಿಂದ ಪೂರ್ತಿ ಪರಿಹಾರ ಸಿಗುವುದು ಕಷ್ಟ. ಎಂಟು ತಿಂಗಳಿಂದ ಪದೇಪದೇ ಮಾತ್ರೆ ಕೊಟ್ಟೂ ಸೋರುವುದು ನಿಂತಿಲ್ಲವೆಂದರೆ ಇನ್ನೊಂದು ಮಾತ್ರೆ ಅದಕ್ಕೆ ಉತ್ತರವಲ್ಲ.

ಇನ್ನು ಎಡಗಡೆಯೇ ಏಕೆ ಎಂಬ ಪ್ರಶ್ನೆ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲಿಯೇ. ಎರಡೂ ಕೂರುವ ಮೂಳೆಗಳ ಮೇಲೆ ಸಮವಾಗಿ ಭಾರ ಬಿದ್ದಿದ್ದರೆ ಹುಣ್ಣು ಎರಡೂ ಕಡೆ ಆಗಬೇಕಿತ್ತು. ಒಂದೇ ಕಡೆ ಆಗಿದೆ ಎಂದರೆ ತಮ್ಮನ ಸೊಂಟದ ಮೂಳೆಕಟ್ಟು ಎಡಕ್ಕೆ ವಾಲಿರಬಹುದು. ಅವನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿನಿಂದ ನೋಡಿ: ಎರಡು ಭುಜಗಳು ಒಂದೇ ಮಟ್ಟದಲ್ಲಿವೆಯೇ, ಸೊಂಟದ ಮುಂಬದಿಯ ಎರಡು ಮೂಳೆತುದಿಗಳಿಗೆ ಹೆಬ್ಬೆರಳಿಟ್ಟರೆ ಎಡಗೈ ಬಲಗೈ ಸಮನಾಗಿ ನಿಲ್ಲುತ್ತವೆಯೇ? ಆಸ್ಪತ್ರೆಗಳಲ್ಲಿ ಕಾಣುವ, ದಾನವಾಗಿಯೂ ಬರುವ ಮಡಚುವ ಕುರ್ಚಿಗಳ ಆಸನ ರೆಕ್ಸಿನ್ ಬಟ್ಟೆಯದು. ಕೆಲವು ತಿಂಗಳಲ್ಲಿ ಅದು ಜೋಲಿಯಂತೆ ಜಗ್ಗುತ್ತದೆ, ತೊಡೆಗಳು ಒಳಕ್ಕೆ ಹೊರಳುತ್ತವೆ, ದೇಹ ಒಂದು ಕಡೆಗೆ ಒರಗಿ ಅಲ್ಲೇ ನೆಲೆಯಾಗುತ್ತದೆ. ಕುರ್ಚಿ ಅವನ ಅಳತೆಗಿಂತ ಅಗಲವಾಗಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಪಾದ ಇಡುವ ಹಲಗೆ ತೀರ ಎತ್ತರದಲ್ಲಿದ್ದರೆ ಮಂಡಿ ಮೇಲೇರಿ, ತೊಡೆ ಹೊರಬೇಕಾದ ಭಾರವೂ ಕೂರುವ ಮೂಳೆಗೆ ಬೀಳುತ್ತದೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದರೆ, ಅಥವಾ ಬೆನ್ನುಹುರಿ ಪೆಟ್ಟಿನ ನಂತರ ಕೆಲವರಿಗೆ ಆಗುವಂತೆ ಸೊಂಟದ ಕೀಲಿನ ಸುತ್ತ ಹೊಸ ಮೂಳೆ ಬೆಳೆದು ಕೀಲು ಸರಿಯಾಗಿ ಮಡಚದಿದ್ದರೆ, ಕುರ್ಚಿ ಬದಲಿಸಿದರೂ ಸಾಲದು. ಅದನ್ನು ತಿಳಿಯಲು ಒಂದು ಎಕ್ಸ್‌ರೇ ಸಾಕಾಗುತ್ತದೆ, ಮಾಡಿಸಿ.

ಕುರ್ಚಿಯ ಆಚೆಗೂ ನೋಡಿ. ಅಂಗಡಿಯಲ್ಲಿ ಸಾಮಾನು ಕೊಡಲು ಅವನು ಯಾವ ಕಡೆಗೆ ವಾಲುತ್ತಾನೆ? ಗಲ್ಲಾ ಪೆಟ್ಟಿಗೆ ಎಡಗಡೆ ಇದೆಯೇ? ಮಂಚದಿಂದ ಕುರ್ಚಿಗೆ ಬರುವಾಗ ಕುಂಡೆಯನ್ನು ಎತ್ತಿ ಇಡುತ್ತಾನೋ, ಎಳೆದುಕೊಂಡು ಬರುತ್ತಾನೋ? ಎಳೆದಾಗ ಚರ್ಮ ಒಂದು ದಿಕ್ಕಿಗೆ, ಮೂಳೆ ಇನ್ನೊಂದು ದಿಕ್ಕಿಗೆ ಜಾರಿ ನಡುವಿನ ರಕ್ತನಾಳಗಳು ಜಗ್ಗಿ ಹರಿಯುತ್ತವೆ. ಒತ್ತಡದಷ್ಟೇ ಕೆಡುಕು ಇದು. ಸ್ನಾನಕ್ಕೆ ಬಚ್ಚಲಿನ ಕಲ್ಲಿನ ಮೇಲೆ ಬರಿಮೈಯಲ್ಲಿ ಕೂರುತ್ತಾನೆಯೇ, ಶೌಚಕ್ಕೆ ತೂತಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕೂರುತ್ತಾನೆಯೇ? ಪ್ಯಾಂಟಿನ ಹಿಂಜೇಬಿನ ಗುಂಡಿ, ದಪ್ಪ ಹೊಲಿಗೆ, ತೊಡೆಯಡಿ ಸಿಕ್ಕಿದ ಮೂತ್ರದ ನಳಿಕೆ, ಪಕ್ಕಕ್ಕೆ ಚಕ್ರ ಹಾಕಿಸಿದ ಸ್ಕೂಟರಿನ ಗಟ್ಟಿ ಸೀಟಿನಲ್ಲಿ ಹಳ್ಳಿರಸ್ತೆಯ ಕುಲುಕಾಟ ಇವೆಲ್ಲವನ್ನೂ ಕೇಳಿ ಬರೆದುಕೊಳ್ಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಣಗದ ಚಡ್ಡಿಯನ್ನೇ ಹಾಕಿಕೊಳ್ಳುವುದೂ ಈ ಪಟ್ಟಿಗೆ ಸೇರುತ್ತದೆ; ಒದ್ದೆ ಚರ್ಮ ಬೇಗ ಕೀಳುತ್ತದೆ. ಇಷ್ಟನ್ನು ಕೇಳುವ ತಾಳ್ಮೆ ನಮ್ಮ ಹೊರರೋಗಿ ವಿಭಾಗಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ನೀವೇ ಎರಡು ದಿನ ಗಮನಿಸಿ ಬರೆದು ಒಯ್ದರೆ ವೈದ್ಯರ ಅರ್ಧ ಕೆಲಸ ಆದಂತೆ.

ಈಗ ಚಿಕಿತ್ಸೆಗೆ ಬರುತ್ತೇನೆ. ಹುಣ್ಣಿನ ಮೇಲೆ ಏನು ಹಾಕುತ್ತೇವೆ ಎಂಬುದಕ್ಕಿಂತ ಹುಣ್ಣಿನ ಮೇಲಿಂದ ಏನು ತೆಗೆಯುತ್ತೇವೆ ಎಂಬುದು ಇಲ್ಲಿ ದೊಡ್ಡದು, ಮತ್ತು ತೆಗೆಯಬೇಕಾದದ್ದು ಅವನದೇ ಭಾರ. ಕೂರುವ ಮೂಳೆಯ ಹುಣ್ಣಿಗೆ ಕೂರುವುದೇ ವಿಷ. ಸದ್ಯಕ್ಕೆ ಅಂಗಡಿಯ ಕುರ್ಚಿಯನ್ನು ಬಿಡಿಸಿ. ಊಟಕ್ಕೋ ಶೌಚಕ್ಕೋ ಕೂರಲೇಬೇಕಾದರೆ ದಿನಕ್ಕೆ ಮೂರು ಸಲ, ಒಂದು ಸಲಕ್ಕೆ ಒಂದು ಗಂಟೆ ಮೀರದಂತೆ, ಅದೂ ಒಳ್ಳೆಯ ಮೆತ್ತೆಯ ಮೇಲೆ ಎಂಬುದು ಒಪ್ಪಿತವಾದ ಮಿತಿ. ಹಾಗೆಂದು ಅಂಗಾತ ಮಲಗಿಸಿಬಿಟ್ಟರೆ ಭಾರ ಬೆನ್ನ ಕೆಳಗಿನ ತ್ರಿಕಾಸ್ಥಿಗೆ ಮತ್ತು ಹಿಮ್ಮಡಿಗಳಿಗೆ ಹೋಗುತ್ತದೆ, ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ತೊಡೆಯ ಮೇಲ್ತುದಿಯ ಗೆಣ್ಣಿಗೆ ಹೋಗುತ್ತದೆ. ಒಂದು ಹುಣ್ಣು ಮಾಯಿಸಲು ಹೋಗಿ ಮೂರು ಮಾಡಿಕೊಂಡವರನ್ನು ವಾರ್ಡುಗಳಲ್ಲಿ ಸಾಕಷ್ಟು ನೋಡುತ್ತೇವೆ.

ನಿಮ್ಮ ತಮ್ಮನಂಥವರಿಗೆ ಅತ್ಯುತ್ತಮ ಭಂಗಿ ಬೋರಲು ಮಲಗುವುದು. ಎದೆಯ ಕೆಳಗೊಂದು ದಿಂಬು, ತೊಡೆಗಳ ಕೆಳಗೊಂದು, ಮೊಣಕಾಲಿನ ಕೆಳಭಾಗಕ್ಕೊಂದು. ನಡುವೆ ಹೊಟ್ಟೆಗೆ ಉಸಿರಾಡಲು ಜಾಗ. ಮಂಡಿಚಿಪ್ಪು ಮತ್ತು ಕಾಲ್ಬೆರಳು ಹಾಸಿಗೆಗೆ ಒತ್ತದಂತೆ ಪಾದಗಳು ಅಂಚಿನಿಂದ ಹೊರಗೆ. ಮೊದಲ ದಿನ ಅರ್ಧ ಗಂಟೆಯಿಂದ ಶುರುಮಾಡಿ, ಎದ್ದಮೇಲೆ ಮಂಡಿ, ಸೊಂಟದ ಮುಂಬದಿ, ಪಾದದ ಮೇಲ್ಭಾಗಗಳನ್ನು ನೋಡಿಕೊಂಡು ದಿನದಿನಕ್ಕೆ ಹೆಚ್ಚಿಸಿದರೆ ಕೆಲವೇ ವಾರದಲ್ಲಿ ರಾತ್ರಿಯೆಲ್ಲ ಹಾಗೆ ಮಲಗುವ ರೂಢಿ ಬರುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ, ಉಸಿರಾಟ ದುರ್ಬಲವಾಗಿರುವವರಿಗೆ ವೈದ್ಯರನ್ನು ಕೇಳದೆ ಇದನ್ನು ಮಾಡಿಸಬಾರದು; ತಮ್ಮನ ಮಟ್ಟಕ್ಕೆ ಆ ಭಯ ಕಡಿಮೆ. ಮಗ್ಗುಲಾಗಿ ಮಲಗುವಾಗ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿಯಷ್ಟೇ ವಾಲಿಸಿ, ತಲೆದೆಸೆಯನ್ನು 30 ಡಿಗ್ರಿಗಿಂತ ಎತ್ತರಿಸಬೇಡಿ. ಎತ್ತರಿಸಿದಷ್ಟೂ ದೇಹ ಕೆಳಗೆ ಜಾರಿ ತ್ರಿಕಾಸ್ಥಿಯ ಚರ್ಮ ಜಗ್ಗುತ್ತದೆ. ಹಿಮ್ಮಡಿಗಳು ಗಾಳಿಯಲ್ಲಿ ತೇಲುವಂತೆ ಮೀನಖಂಡದ ಕೆಳಗೆ ದಿಂಬಿಡಿ. ಟ್ಯೂಬಿನಂತೆ ದುಂಡಗಿರುವ ಗಾಳಿಬಳೆಯನ್ನು ಮಾತ್ರ ಎಂದೂ ಬಳಸಬೇಡಿ. ಅದು ಸುತ್ತಲಿನ ಚರ್ಮವನ್ನು ಒತ್ತಿ ನಡುವಿನ ಭಾಗಕ್ಕೆ ರಕ್ತವೇ ಬಾರದಂತೆ ಮಾಡುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಪದ್ಧತಿಗೆ ಒಂದು ಹಿನ್ನೆಲೆಯಿದೆ. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿ ತುಂಡಾದ ಸೈನಿಕರಲ್ಲಿ ಬಹುಪಾಲು ಜನ ಸತ್ತದ್ದು ಮೂಲ ಗಾಯದಿಂದಲ್ಲ, ಹುಣ್ಣು ಮತ್ತು ಮೂತ್ರದ ಸೋಂಕಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಘಟಕ ಆರಂಭಿಸಿದ ಡಾ. ಲುಡ್ವಿಗ್ ಗಟ್‌ಮನ್, ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಗಳನ್ನು ಹೊರಳಿಸಲೇಬೇಕು ಎಂದು ಪಟ್ಟು ಹಿಡಿದರು. ರಾತ್ರಿ ವಾರ್ಡಿಗೆ ತಾವೇ ಬಂದು ನೋಡುತ್ತಿದ್ದರು. ಮುಂದೆ ಪ್ಯಾರಾಲಿಂಪಿಕ್ಸ್ ಆಗಿ ಬೆಳೆದ ಕ್ರೀಡಾಕೂಟವನ್ನು 1948ರಲ್ಲಿ ಶುರುಮಾಡಿದವರೂ ಅವರೇ. ಇಂದು ಒಳ್ಳೆಯ ಹಾಸಿಗೆಯಿದ್ದರೆ ಆ ಅವಧಿಯನ್ನು ಚರ್ಮ ನೋಡಿಕೊಂಡು ನಾಲ್ಕು ಗಂಟೆಗೂ ವಿಸ್ತರಿಸಬಹುದು. ಅಂಗಡಿಗಳಲ್ಲಿ ಸಿಗುವ, ಗುಳ್ಳೆಗುಳ್ಳೆಯಾಗಿ ಗಾಳಿ ತುಂಬಿ ಇಳಿಯುವ ಏರ್ ಬೆಡ್ ಉಪಯುಕ್ತವೇ, ಆದರೆ ಅದು ಹೊರಳಿಸುವ ಕೆಲಸವನ್ನು ತಪ್ಪಿಸುವುದಿಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಗಂಟೆಗಟ್ಟಲೆ ಬರುವುದಿಲ್ಲ. ಪಂಪು ನಿಂತು ಗಾಳಿ ಇಳಿದರೆ ಅವನು ಮಂಚದ ಹಲಗೆಯ ಮೇಲೆ ಮಲಗಿದಂತೆಯೇ. ಅದರ ಕೆಳಗೆ ನಾಲ್ಕಿಂಚಿನ ಗಟ್ಟಿ ಫೋಮ್ ಹಾಸಿಗೆ ಇರಲಿ.

ದಿನಕ್ಕೊಮ್ಮೆ ಮಾಡುವ ಡ್ರೆಸ್ಸಿಂಗಿನಲ್ಲಿ ಮೊದಲು ಬಿಡಬೇಕಾದದ್ದು ಡೆಟಾಲ್. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇವು ಬ್ಯಾಕ್ಟೀರಿಯಾಗಳ ಜೊತೆಗೆ ಹೊಸದಾಗಿ ಹುಟ್ಟುತ್ತಿರುವ ಜೀವಕೋಶಗಳನ್ನೂ ಕೊಲ್ಲುತ್ತವೆ. ಔಷಧಿ ಅಂಗಡಿಯ ಸಲೈನ್ ಸಾಕು. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ 9 ಗ್ರಾಂ, ಎಂದರೆ ಮಟ್ಟಸ ಮಾಡಿದ ಸುಮಾರು ಒಂದೂವರೆ ಟೀ ಚಮಚ ಉಪ್ಪು ಹಾಕಿ, ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿ. ಮರುದಿನಕ್ಕೆ ಉಳಿದದ್ದನ್ನು ಚೆಲ್ಲಿ. ಪೌಡರ್ ಗಾಯದ ರಸದೊಂದಿಗೆ ಸೇರಿ ಗಾರೆಯಾಗಿ ಬಾಯಿ ಮುಚ್ಚುತ್ತದೆ, ಕೀವು ಒಳಗೇ ಉಳಿಯುತ್ತದೆ. ಹತ್ತಿಯ ಎಳೆಗಳು ಒಳಗೆ ಸಿಕ್ಕಿಕೊಳ್ಳುತ್ತವೆ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬವರು ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಮುಚ್ಚಿ ತೇವವಾಗಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಒಣಗಲು ಬಿಟ್ಟ ಗಾಯಗಳಿಗಿಂತ ಸರಿಸುಮಾರು ದುಪ್ಪಟ್ಟು ವೇಗದಲ್ಲಿ ಬೆಳೆದಿತ್ತು. ಹೆಚ್ಚು ಸೋರುವ ಗುಹೆಗೆ ಆಲ್ಜಿನೇಟ್ ಎಂಬ, ಕಡಲಪಾಚಿಯಿಂದ ಮಾಡಿದ ಹೀರುವ ಪಟ್ಟಿಯನ್ನೋ ಸಲೈನಿನಲ್ಲಿ ಅದ್ದಿ ಹಿಂಡಿದ ಉದ್ದನೆಯ ಗಾಜ್ ಪಟ್ಟಿಯನ್ನೋ ಸಡಿಲವಾಗಿ ತುಂಬಿ, ಒಂದು ತುದಿಯನ್ನು ಹೊರಗೆ ಬಿಟ್ಟು, ಮೇಲೆ ಮೆತ್ತನೆಯ ಪ್ಯಾಡ್ ಇಡಬೇಕು. ಗಿಡಿದು ತುಂಬಿದರೆ ಅದೇ ಒಂದು ಒತ್ತಡ. ಗುಹೆ ತಳದಿಂದ ತುಂಬಿಕೊಂಡು ಬರಬೇಕು, ಬಾಯಿ ಕೊನೆಗೆ ಮುಚ್ಚಬೇಕು; ಈ ಕ್ರಮ ತಪ್ಪಿದ್ದೇ ನಿಮ್ಮ ಹಿಂದಿನ ಎರಡು ಅನುಭವ.

ನೆಂಟರ ಎಣ್ಣೆಯ ಬಗ್ಗೆ ಸಿಟ್ಟಿಲ್ಲ, ಆದರೆ ಒಳಗೆ ಏನಿದೆ ಎಂದು ತಿಳಿಯದ, ಶುದ್ಧೀಕರಿಸದ ದ್ರವವನ್ನು ಮೂಳೆಯವರೆಗೆ ಹೋಗಿರಬಹುದಾದ ಗುಹೆಗೆ ಸುರಿಯುವುದನ್ನು ನಾನು ಒಪ್ಪಲಾರೆ. ಜೇನುತುಪ್ಪವನ್ನು ಗಾಯಕ್ಕೆ ಬಳಸುವುದುಂಟು, ಅದು ಆಸ್ಪತ್ರೆಗೆಂದೇ ಶುದ್ಧೀಕರಿಸಿದ ಜೇನು. ಕಾಡಿನಿಂದ ತಂದದ್ದನ್ನು ಊಟಕ್ಕಿಡಿ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ, ಆಗಲೇ ನೊಂದ ರಕ್ತನಾಳಗಳು ಹರಿಯುತ್ತವೆ. ಸತ್ತ ಮಾಂಸವಿದ್ದರೆ ವೈದ್ಯರು ಕತ್ತರಿಸಿ ತೆಗೆಯಬೇಕು. ಗಾಯಕ್ಕೆ ಸ್ಪಂಜು ಇಟ್ಟು ಯಂತ್ರದಿಂದ ಹೀರುವ ವ್ಯಾಕ್ ಚಿಕಿತ್ಸೆ ಶುದ್ಧವಾದ ಆಳದ ಗಾಯಕ್ಕೆ ಒಳ್ಳೆಯದು. ಸತ್ತ ಮಾಂಸ ಉಳಿದಿರುವಾಗ, ಮೂಳೆಯ ಸೋಂಕಿಗೆ ಚಿಕಿತ್ಸೆ ಆಗದಿರುವಾಗ ಅದನ್ನು ಹಾಕಬಾರದು. ವಾರಕ್ಕೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಒಂದೇ ಭಂಗಿಯಲ್ಲಿ ಫೋಟೋ ತೆಗೆಯಿರಿ. ಭಾರ ಪೂರ್ತಿ ತೆಗೆದೂ ಎರಡು ವಾರದಲ್ಲಿ ಸುಧಾರಣೆಯ ಲಕ್ಷಣವೇ ಕಾಣದಿದ್ದರೆ ಎಲ್ಲೋ ಏನೋ ತಪ್ಪುತ್ತಿದೆ ಎಂದು ತಿಳಿದು ಮತ್ತೆ ತೋರಿಸಬೇಕು.

ಊಟದ ವಿಷಯ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ದಿನವೂ ಬಟ್ಟೆ ನೆನೆಯುವಷ್ಟು ಸೋರುವ ರಸದಲ್ಲಿ ಪ್ರೋಟೀನು ಹರಿದುಹೋಗುತ್ತಿದೆ. ಇಂತಹ ಹುಣ್ಣಿರುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಗುವವನಿಗೆ 75ರಿಂದ 90 ಗ್ರಾಂ. ಅನ್ನ, ತಿಳಿಸಾರು, ಮಜ್ಜಿಗೆಯ ಊಟದಲ್ಲಿ ಇದರ ಅರ್ಧವೂ ಸಿಗುವುದು ಕಷ್ಟ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7-8 ಗ್ರಾಂ, 100 ಗ್ರಾಂ ಮೀನಿನಲ್ಲಿ 20 ಗ್ರಾಂ ಆಸುಪಾಸು ಇರುತ್ತದೆ. ಮನೆಯ ಆಚಾರಕ್ಕೆ ಹೊಂದುವುದನ್ನು ಕೂಡಿಸಿ ಲೆಕ್ಕ ಹಾಕಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೆಕ್ಕವನ್ನು ವೈದ್ಯರೊಂದಿಗೆ ಮಾತಾಡಿ ನಿರ್ಧರಿಸಬೇಕು. ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಬೀಡಿ ಸಿಗರೇಟು ಇದ್ದರೆ ನಿಲ್ಲಿಸಲೇಬೇಕು; ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ, ನಿಕೋಟಿನ್ ಯಾವ ದಾರಿಯಿಂದ ಹೋದರೂ ಸೂಕ್ಷ್ಮ ರಕ್ತನಾಳಗಳನ್ನು ಹಿಂಡುತ್ತದೆ. ಮೂತ್ರ ಸೋರುತ್ತಿದ್ದರೆ ಹೊತ್ತುಹೊತ್ತಿಗೆ ನಳಿಕೆ ಹಾಕಿ ಖಾಲಿ ಮಾಡುವ ಕ್ರಮವನ್ನು, ಮಲವಿಸರ್ಜನೆಗೆ ನಿಗದಿತ ವೇಳೆಯನ್ನು ಸರಿಪಡಿಸಿಕೊಳ್ಳದೆ ಈ ಜಾಗದ ಡ್ರೆಸ್ಸಿಂಗ್ ನಿಲ್ಲುವುದೇ ಇಲ್ಲ.

ಶಸ್ತ್ರಚಿಕಿತ್ಸೆ ಬೇಕು ಎಂದವರು ತಪ್ಪು ಹೇಳಿಲ್ಲ. ಮೂಳೆ ತಲುಪಿದ, ಒಳಗೆ ಪೊಳ್ಳಾದ, ತಿಂಗಳುಗಳಿಂದ ಸೋರುವ ಹುಣ್ಣು ಬರೀ ಡ್ರೆಸ್ಸಿಂಗಿನಿಂದ ಗಟ್ಟಿಯಾಗಿ ಮಾಯುವುದು ಅಪರೂಪ. ಮಾಯ್ದರೂ ಮೂಳೆಯ ಮೇಲೆ ತೆಳುವಾದ ಗಾಯದ ಕಲೆಯಷ್ಟೇ ಉಳಿದು, ಕುಳಿತ ಕೂಡಲೇ ಹರಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಗುಹೆಯ ಗೋಡೆಯನ್ನು ಪೂರ್ತಿ ಕೆತ್ತಿ ತೆಗೆದು, ಕೆಟ್ಟ ಮೂಳೆಯನ್ನು ಕೆರೆದು, ಕುಂಡೆಯ ಅಥವಾ ತೊಡೆಯ ಹಿಂಭಾಗದ ಮಾಂಸವನ್ನು ಅದರ ರಕ್ತನಾಳ ಸಮೇತ ಸರಿಸಿ ತುಂಬುತ್ತಾರೆ. ಇದಕ್ಕೆ ಫ್ಲಾಪ್ ಎನ್ನುತ್ತಾರೆ. ಕೂರುವ ಮೂಳೆಯನ್ನೇ ಪೂರ್ತಿ ತೆಗೆದರೆ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಹಾಗೆ ಮಾಡಿದರೆ ಭಾರ ಇನ್ನೊಂದು ಬದಿಗೂ ಮೂತ್ರನಾಳದ ಭಾಗಕ್ಕೂ ಹೋಗಿ ಇನ್ನೂ ಕಷ್ಟದ ಹುಣ್ಣಾಗುತ್ತದೆ. ಫ್ಲಾಪಿಗೆ ಬಳಸಬಹುದಾದ ಮಾಂಸ ಒಬ್ಬನ ದೇಹದಲ್ಲಿ ಮಿತವಾಗಿದೆ. 36ನೆಯ ವಯಸ್ಸಿನಲ್ಲಿ ಅದನ್ನು ಅವಸರದಲ್ಲಿ ಖರ್ಚು ಮಾಡಬಾರದು. ಅದಕ್ಕೇ ನನ್ನ ಕ್ರಮ ಹೀಗೆ: ಮೊದಲು ನಾಲ್ಕಾರು ವಾರ ಬೋರಲು ಮಲಗುವ ರೂಢಿ, ಊಟ, ರಕ್ತ, ಸ್ನಾಯುಗಳ ಸೆಡೆತ, ಮಲಮೂತ್ರದ ವ್ಯವಸ್ಥೆ, ಕುರ್ಚಿ ಇವು ಸರಿಯಾಗಬೇಕು, ಆಮೇಲೆ ಶಸ್ತ್ರಚಿಕಿತ್ಸೆ. ಸೋಂಕು ರಕ್ತಕ್ಕೇರುವ ಲಕ್ಷಣವಿದ್ದರೆ ಮಾತ್ರ ಸತ್ತ ಮಾಂಸ ತೆಗೆಯುವ ಕೆಲಸ ಅಂದೇ ಆಗಬೇಕು, ಕಾಯುವಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮೂರರಿಂದ ಆರು ವಾರ ಆ ಜಾಗದ ಮೇಲೆ ಒಂದಿಷ್ಟೂ ಭಾರ ಬೀಳಬಾರದು. ಬೋರಲು ಮಲಗಿ ಅಭ್ಯಾಸವಿದ್ದವನು ಈ ಅವಧಿಯನ್ನು ಸಲೀಸಾಗಿ ಕಳೆಯುತ್ತಾನೆ. ಇಲ್ಲದವನು ಎರಡನೆಯ ವಾರದಲ್ಲೇ ಎದ್ದು ಕೂರುತ್ತಾನೆ.

ಆಸ್ಪತ್ರೆಯನ್ನು ಆರಿಸುವಾಗ ಪ್ಲಾಸ್ಟಿಕ್ ಸರ್ಜರಿ ಮತ್ತು ಪುನಶ್ಚೇತನ ವಿಭಾಗ ಎರಡೂ ಒಂದೇ ಸೂರಿನಡಿ ಇರುವುದನ್ನು ನೋಡಿ. ನಿಮಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನಶ್ಚೇತನ ವಿಭಾಗವಿದೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಬೆನ್ನುಹುರಿ ಪೆಟ್ಟಾದವರಿಗೆಂದೇ ದಶಕಗಳ ಅನುಭವವಿದೆ. ಅಂಗವಿಕಲರೊಂದಿಗೆ 1959ರಿಂದ ಕೆಲಸ ಮಾಡುತ್ತಿರುವ ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಂತಹ ಸಂಸ್ಥೆಗಳಲ್ಲೂ ವಿಚಾರಿಸಬಹುದು. ಎಲ್ಲಿಗೇ ಹೋದರೂ ಕಾರಿನ ಹಿಂಸೀಟಿನಲ್ಲಿ ಬಲಮಗ್ಗುಲಾಗಿ ಮಲಗಿಸಿ ಕರೆದೊಯ್ಯಿರಿ. ಘಾಟಿಯ ತಿರುವುಗಳಲ್ಲಿ ಕುಳಿತು ಆಚೀಚೆ ಜಾರುತ್ತ ಹೋದರೆ ಒಂದು ವಾರದ ಮಾಯುವಿಕೆ ಒಂದೇ ಪ್ರಯಾಣದಲ್ಲಿ ಹೋಗುತ್ತದೆ.

ಜ್ವರ ಚಳಿ, ಹಠಾತ್ತನೆ ಹೆಚ್ಚಿದ ದುರ್ವಾಸನೆ, ಸುತ್ತಲೂ ಹರಡುವ ಕೆಂಪು, ಕಾಲುಗಳ ಸೆಡೆತ ಕಾರಣವಿಲ್ಲದೆ ಜಾಸ್ತಿಯಾಗುವುದು, ಮಂಕು ಕವಿಯುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಅಮೆರಿಕದ ನಟ ಕ್ರಿಸ್ಟೋಫರ್ ರೀವ್ ಕುದುರೆಯಿಂದ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡು, 2004ರಲ್ಲಿ ಇಂತಹದೇ ಹುಣ್ಣಿನ ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವಾಗ ತೀರಿಕೊಂಡರು. ಸೌಕರ್ಯಕ್ಕೆ ಕೊರತೆಯಿಲ್ಲದ ಮನೆಯಲ್ಲೂ ಇದು ಆಗುತ್ತದೆ. ಎದೆಯ ಆರನೆಯ ಕಶೇರು ಅಥವಾ ಅದಕ್ಕಿಂತ ಮೇಲೆ ಪೆಟ್ಟಾದ ಓದುಗರಿಗೆ ಇನ್ನೊಂದು ಎಚ್ಚರಿಕೆ: ಹುಣ್ಣೇ ರಕ್ತದೊತ್ತಡವನ್ನು ಒಮ್ಮೆಲೇ ಏರಿಸಿ, ತಲೆ ಸಿಡಿಯುವ ನೋವು, ಮುಖ ಕೆಂಪೇರಿ ಬೆವರುವುದು ಶುರುವಾಗಬಹುದು. ಅವರ ಎಂದಿನ ರಕ್ತದೊತ್ತಡವೇ ಕಡಿಮೆ ಇರುವುದರಿಂದ ಅದರ ಮೇಲಿನ ಅಂಕಿ 140 ಇದ್ದರೂ ಅಪಾಯವಾಗಿರಬಹುದು. ತಕ್ಷಣ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರದ ನಳಿಕೆ ಕಟ್ಟಿದೆಯೇ ನೋಡಿ, ಆಸ್ಪತ್ರೆಗೆ ಒಯ್ಯಬೇಕು.

ಕೊನೆಗೆ ಅಂಗಡಿಯ ಮಾತು. ಹುಣ್ಣಿರುವಾಗಲೂ ಅವನ ಅಂಗಡಿ ಪೂರ್ತಿ ನಿಲ್ಲಬೇಕಿಲ್ಲ. ಬೋರಲು ಮಲಗಿಕೊಂಡೇ ಕೈಯಿಂದ ಚಕ್ರ ತಿರುಗಿಸಿ ಓಡಾಡುವ ಗಾಡಿಗಳನ್ನು ಬೆನ್ನುಹುರಿ ಪುನಶ್ಚೇತನ ಕೇಂದ್ರಗಳಲ್ಲಿ ಬಳಸುತ್ತಾರೆ. ಅಳತೆ ಕೊಟ್ಟರೆ ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡಬಲ್ಲರು. ಎದೆಯ ಕೆಳಗೆ ದಿಂಬಿಟ್ಟು, ಗಲ್ಲಾದ ಎತ್ತರಕ್ಕೆ ಹೊಂದಿಸಿದರೆ ಎರಡು ಮೂರು ಗಂಟೆ ವ್ಯಾಪಾರ ನಡೆಯುತ್ತದೆ. ಗಾಯ ಪೂರ್ತಿ ಮಾಯ್ದು, ಶಸ್ತ್ರಚಿಕಿತ್ಸಕರು ಒಪ್ಪಿದ ಮೇಲೆ ಕೂರುವುದನ್ನು ಮೊದಲ ದಿನ 15 ನಿಮಿಷದಿಂದ ಶುರುಮಾಡಿ. ಪ್ರತಿ ಸಲ ಮಲಗಿಸಿ ಹಿಡಿಯಿರುವ ಕನ್ನಡಿಯಲ್ಲಿ ಅವನೇ ನೋಡಿಕೊಳ್ಳಲಿ: ಬಣ್ಣ ಬದಲಾಗಿದೆಯೇ, ಮುಟ್ಟಿದರೆ ಬಿಸಿಯೇ, ಗಟ್ಟಿಯೇ, ಕೊಳೆತ ಹಣ್ಣಿನ ಮೆತುವೇ? ನಮ್ಮ ಕಂದುಮೈಯಲ್ಲಿ ಕೆಂಪು ಕಾಣುವುದಿಲ್ಲ. ನೇರಳೆ ಅಥವಾ ಸುತ್ತಲಿಗಿಂತ ಕಪ್ಪು ಛಾಯೆ ಕಂಡರೆ ಅದೇ ಕೆಂಪು ಎಂದು ತಿಳಿಯಬೇಕು, ಕೈಬೆರಳ ಸ್ಪರ್ಶವನ್ನು ಕಣ್ಣಿಗಿಂತ ಹೆಚ್ಚು ನಂಬಬೇಕು. ಅರ್ಧ ಗಂಟೆಯಲ್ಲಿ ಗುರುತು ಮಾಸಿದರೆ ಮುಂದಿನ ಸಲ 15 ನಿಮಿಷ ಹೆಚ್ಚು. ಮಾಸದಿದ್ದರೆ ಮಾಸುವವರೆಗೆ ಕೂರುವಂತಿಲ್ಲ.

ಕುರ್ಚಿಯ ಜೋಲುವ ಆಸನದಡಿ ಗಟ್ಟಿ ಹಲಗೆ ಹಾಕಿಸಿ, ಅದರ ಮೇಲೆ ಮೆತ್ತೆ. ಗಾಳಿಕೋಶಗಳ ಮೆತ್ತೆ ದುಬಾರಿ, ಆದರೆ ಇಂತಹ ಹುಣ್ಣಾದವನಿಗೆ ಅದೇ ಸೂಕ್ತ. ಅದರಲ್ಲಿ ಗಾಳಿ ಹೆಚ್ಚೂ ಇರಬಾರದು, ಕಡಿಮೆಯೂ ಇರಬಾರದು: ಅವನು ಕುಳಿತಾಗ ಮೆತ್ತೆಗೂ ಕುಂಡೆಗೂ ನಡುವೆ ಕೈ ತೂರಿಸಿ ಕೂರುವ ಮೂಳೆಯನ್ನು ಹುಡುಕಿದರೆ, ಅದರ ಕೆಳಗೆ ಮೆತ್ತೆಯ ತಳಕ್ಕೆ ಅರ್ಧದಿಂದ ಒಂದು ಇಂಚು ಅಂತರ ಉಳಿದಿರಬೇಕು. ಇದನ್ನು ದಿನವೂ ನೋಡಬೇಕು. ಫೋಮ್ ಮೆತ್ತೆಯಾದರೆ ವರ್ಷ ಎರಡು ವರ್ಷಕ್ಕೆ ಸತ್ತುಹೋಗುತ್ತದೆ. ಕುಳಿತಿರುವಾಗ ಕೈಯೂರಿ ಮೈ ಎತ್ತುವುದನ್ನು ಎಲ್ಲರೂ ಕಲಿಸುತ್ತಾರೆ, ಆದರೆ ಯಾರೂ ಅರ್ಧ ನಿಮಿಷಕ್ಕಿಂತ ಹೆಚ್ಚು ಹಾಗೆ ನಿಲ್ಲಲಾರರು. ಒತ್ತಿಹೋದ ಚರ್ಮಕ್ಕೆ ಆಮ್ಲಜನಕ ಮೊದಲಿನ ಮಟ್ಟಕ್ಕೆ ಬರಲು ಸುಮಾರು ಎರಡು ನಿಮಿಷ ಬೇಕು, ಭುಜದ ಕೀಲೂ ಸವೆಯುತ್ತದೆ. ಬದಲಿಗೆ ಎದೆ ತೊಡೆಗೆ ತಾಗುವಷ್ಟು ಮುಂದಕ್ಕೆ ಬಾಗಿ, ಅಥವಾ ಒಂದೊಂದು ಕಡೆಗೆ ಪೂರ್ತಿ ವಾಲಿ ಎರಡು ನಿಮಿಷ ಇರಲಿ, ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ. ಗಿರಾಕಿ ಇದ್ದಾಗ ಮರೆತುಹೋಗುತ್ತದೆ ಎನ್ನುವವರಿಗೆ ಮೊಬೈಲಿನಲ್ಲಿ ಅಲಾರಂ ಇಡಿಸುತ್ತೇನೆ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, 1966ರಲ್ಲಿ ಅಲ್ಲಿ ಶುರುವಾದ ಪುನಶ್ಚೇತನ ಸಂಸ್ಥೆಗೆ ಕಾರಣರಾದರು. ನಿಮ್ಮ ತಮ್ಮನ ಅಂಗಡಿಗೂ ಬೇಕಾದದ್ದು ಅದೇ ಬಗೆಯ ಕೂರುವ ಶಿಸ್ತು. ಈಗಿನಿಂದ ಲೆಕ್ಕ ಹಾಕಿದರೆ ತಯಾರಿ, ಶಸ್ತ್ರಚಿಕಿತ್ಸೆ, ಮಲಗುವ ಅವಧಿ, ಮೆಲ್ಲಮೆಲ್ಲನೆ ಕೂರುವ ಅವಧಿ ಎಲ್ಲ ಸೇರಿ ನಾಲ್ಕರಿಂದ ಆರು ತಿಂಗಳು ಹಿಡಿಯಬಹುದು. ಅಷ್ಟು ಕಾಲ ಗಲ್ಲಾದಲ್ಲಿ ಯಾರು ಕೂರುತ್ತಾರೆ, ರಾತ್ರಿ ಮಗ್ಗುಲು ಬದಲಿಸಲು ಯಾರು ಏಳುತ್ತಾರೆ ಎಂಬುದನ್ನು ಆಸ್ಪತ್ರೆಗೆ ಹೊರಡುವ ಮೊದಲೇ ಮನೆಯವರೆಲ್ಲ ಕುಳಿತು ಹಂಚಿಕೊಳ್ಳಿ; ಒಬ್ಬರ ಮೇಲೆ, ಸಾಮಾನ್ಯವಾಗಿ ಮನೆಯ ಹೆಂಗಸರೊಬ್ಬರ ಮೇಲೆ, ಎಲ್ಲ ಭಾರ ಬಿಟ್ಟರೆ ಎರಡನೆಯ ತಿಂಗಳಲ್ಲಿ ಈ ಕ್ರಮ ತಪ್ಪುತ್ತದೆ.